ಬಾಣಂತಿ ಕೋಣೆಯಿಂದ ಬಂದ ಅರ್ಜಿ

ಜೋಗೇಶ್ವರಿ, ಮುಂಬೈ
ಸೋಮವಾರ, ೨೮ ಜುಲೈ ೨೦೨೫

ಬೀಗತಿ ದಾನವ್ವನವರಿಗೆ ಮಹಾದೇವಿಯ ಶರಣು.

ಇವತ್ತು ಶ್ರಾವಣದ ಮೊದಲ ಸೋಮವಾರ, ಉಪವಾಸ ಇದ್ದೇನೆ. ನಸುಕಿನಲ್ಲಿ ನಳ ಬಂತು. ನೀರು ತುಂಬಿ, ಲಿಂಗಪೂಜೆ ಮುಗಿಸಿ, ಗೋರೆಗಾಂವಿನ ಖಾನಾವಳಿಗೆ ಕೊಡುವ ರೊಟ್ಟಿ ಬಡಿದು ಡಬ್ಬಿ ಕಳಿಸಿ ಈಗ ಕುಳಿತೆ. ನಾಳೆ ಪಂಚಮಿ, ಅದಕ್ಕೆ ಉಂಡಿ ಕಟ್ಟಿ ಈ ಕಾಗದದ ಜೊತೆ ನಿಮ್ಮೂರ ಬಸ್ಸು ಓಡಿಸುವ ಮರೆಪ್ಪನ ಕೈಯಲ್ಲಿ ಕೊಡುತ್ತಿದ್ದೇನೆ. ಉಪವಾಸದವಳು ರುಚಿ ನೋಡಿಲ್ಲ, ಬೆಲ್ಲ ಹೆಚ್ಚುಕಡಿಮೆಯಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿರಿ.

ಮೊಮ್ಮಗಳ ತೊಟ್ಟಿಲ ದಿನ ಫೋನಿನಲ್ಲಿ ನಮ್ಮಿಬ್ಬರ ಮಾತು ಏರಿತು. ಸೊಸೆ ಸೌಮ್ಯಾಳ ಜೊತೆ ಮಾತಾಡುತ್ತೇನೆ ಅಂದೆ, ನೀವು ಫೋನು ಕೊಡಲಿಲ್ಲ. ಅದಕ್ಕೆ ಕಾಗದ ಬರೆಯುತ್ತಿದ್ದೇನೆ. ಫೋನಿನಲ್ಲಿ ಆಡಿದ್ದನ್ನು ಹಿಂದಕ್ಕೆ ತೆಗೆಯಲು ಬರುವುದಿಲ್ಲ, ಕಾಗದವನ್ನಾದರೆ ಹರಿದು ಮತ್ತೆ ಬರೆಯಬಹುದು.

ವಿಷಯ ಇಷ್ಟು. ಸೌಮ್ಯಾ ಹೆರಿಗೆಗೆ ನಿಮ್ಮ ಕಡೆ ಬರುವ ಮೊದಲು, ಏಪ್ರಿಲ್ ತಿಂಗಳಲ್ಲಿ, ಇಲ್ಲಿಯ ಯುನಿವರ್ಸಿಟಿಗೆ ಒಂದು ಅರ್ಜಿ ಹಾಕಿದ್ದಳು. ಆಕೆಯ ಈಗಿನ ಸುದ್ದಿ ಕಚೇರಿಯಂಥ ನೌಕರಿ ಅಲ್ಲ, ಸಂಶೋಧನೆಯ ಫೆಲೋಶಿಪ್. ಸುದ್ದಿಗೂ ರಾಜಕಾರಣಕ್ಕೂ ಇರುವ ನಂಟನ್ನು ಎರಡು ವರ್ಷ ಕುಳಿತು ಅಭ್ಯಾಸ ಮಾಡುವುದು. ಆಕೆ ಆರಿಸಿಕೊಂಡದ್ದು ನಮ್ಮಂಥ ಹೆಂಗಸರನ್ನೇ. ಚುನಾವಣೆ ಹೊತ್ತಿಗೆ ನಮ್ಮ ಅಕ್ಕನ ಬಳಗದಂಥ ಭಜನೆಯ ಗುಂಪುಗಳ ಫೋನಿಗೆ ಏನೇನು ಬರುತ್ತದೆ, ಯಾರು ಕಳಿಸುತ್ತಾರೆ, ನಾವು ಯಾಕೆ ನಂಬುತ್ತೇವೆ ಎಂದು. ನನಗೆ ಹೇಳುವಾಗ ನಕ್ಕಿದ್ದಳು, "ಸುಮ್ಮ ಹಾಕೇನ್ರಿ ಅತ್ತಿ, ಸಿಗೂದಿಲ್ಲ" ಅಂತ.

ಈಗ ಮೊದಲ ಸುತ್ತಿನಲ್ಲಿ ಆಕೆಯ ಹೆಸರು ಬಂದಿದೆ. ಸೌಮ್ಯಾ ತನ್ನ ಲ್ಯಾಪ್‌ಟಾಪನ್ನು ಮೇಲಿನ ಮನೆಯ ಶ್ರಾವ್ಯಾಳಿಗೆ ಕಾಲೇಜಿನ ಕೆಲಸಕ್ಕೆ ಕೊಟ್ಟು ಹೋಗಿದ್ದಳಲ್ಲ, ಆ ಹುಡುಗಿ ಮೇಲ್ ನೋಡಿ ಓಡಿ ಬಂದಳು. "ಆಂಟಿ, ಭಾಭಿ ಕಾ ಸೆಲೆಕ್ಷನ್ ಹುಆ. ಫಸ್ಟ್ ರೌಂಡ್ ಪಾಸ್ ಆಗ್ಯಾರ." ಆಗಸ್ಟ್ ಇಪ್ಪತ್ತರ ಒಳಗೆ ವಿವರವಾದ ಬರಹ ಕಳಿಸಬೇಕು, ಆಮೇಲೆ ಸಂದರ್ಶನ. ಆ ಮೇಲನ್ನು ಛಾಪಿಸಿ ಇದರೊಳಗೆ ಇಟ್ಟಿದ್ದೇನೆ. ದಯವಿಟ್ಟು ಸೌಮ್ಯಾಳ ಕೈಗೆ ಕೊಡಿರಿ. ಇಂಥದು ಮತ್ತೆ ಮತ್ತೆ ಬರುವುದಿಲ್ಲ.

ಕೂಸಿಗೆ ನನ್ನ ಮುದ್ದು.
ಮಹಾದೇವಿ


ಬೈಲಹೊಂಗಲ
ಶನಿವಾರ, ೨ ಆಗಸ್ಟ್ ೨೦೨೫

ಮುಂಬೈ ಬೀಗತಿಯವರಿಗೆ ದಾನವ್ವನ ಶರಣು.

ಉಂಡಿ ಬಂದವು. ಬೆಲ್ಲ ಸರಿಯಾಗಿದೆ, ಪಾಕ ಗಟ್ಟಿ. ನಮ್ಮ ಮನೆಯವರ ಒಂದು ಹಲ್ಲು ಬಹಳ ದಿನದಿಂದ ಅಲುಗಾಡುತ್ತಿತ್ತು, ಈಗ ಆ ಚಿಂತೆ ಇಲ್ಲ.

ಕೂಸು ಚೆನ್ನಾಗಿದೆ. ತಾಯಿಗೆ ಎಣ್ಣೆ ಹಚ್ಚಿ ಎರೆದು, ಕಿವಿಗೆ ಅರಿವೆ ಕಟ್ಟಿ, ಗಾಳಿ ಬೆಳಕು ಹಾಯದ ಕೋಣೆಯಲ್ಲಿ ಮಲಗಿಸಿದ್ದೇನೆ. ಹಸಿ ಬಾಣಂತಿ ಓದಿದರೆ, ಬರೆದರೆ ಮುಂದೆ ಕಣ್ಣು ಉಳಿಯುವುದಿಲ್ಲ. ನನ್ನ ಅವ್ವ ನನಗೆ ಹಾಗೆಯೇ ಮಾಡಿದಳು. ನಿಮ್ಮ ಅವ್ವನೂ ನಿಮಗೆ ಮಾಡಿರಬೇಕು, ಮರೆತಿದ್ದೀರಿ. ಆದ್ದರಿಂದ ಆ ಕಾಗದವನ್ನು ಆಕೆಗೆ ಕೊಟ್ಟಿಲ್ಲ, ದೇವರ ಜಗಲಿಯ ಮೇಲೆ ಇಟ್ಟಿದ್ದೇನೆ. ಆಕೆಯ ಫೋನೂ ನನ್ನ ಟ್ರಂಕಿನಲ್ಲಿದೆ, ಕೀಲಿ ನನ್ನ ಸೊಂಟದಲ್ಲಿದೆ.

ಮನಸ್ಸಿನಲ್ಲಿದ್ದದ್ದನ್ನು ಬರೆದುಬಿಡುತ್ತೇನೆ. ನನ್ನ ಮಗಳು ನಿಮ್ಮ ಮನೆಯಲ್ಲಿ ಏಳು ತಿಂಗಳು ತುಂಬುವ ತನಕ ಲೋಕಲ್ ಟ್ರೇನಿನಲ್ಲಿ ನಿಂತು ಕೆಲಸಕ್ಕೆ ಹೋದಳು. ನಾನು ಏನೂ ಅನ್ನಲಿಲ್ಲ, ಕೊಟ್ಟ ಮನೆಯ ರೀತಿ ಅಂದುಕೊಂಡೆ. ಈಗ ಕೂಸಿಗೆ ಕುತ್ತಿಗೆ ನಿಂತಿಲ್ಲ, ಅಷ್ಟರಲ್ಲಿ ಮತ್ತೆ ಅರ್ಜಿ. ಸೊಸೆಯ ಕಣ್ಣು ಹೋದರೂ ಚಿಂತೆಯಿಲ್ಲ, ಮನೆಗೆ ಹೆಸರು ಬರಲಿ ಎನ್ನುವ ಅತ್ತೆಯನ್ನು ನಿಮ್ಮಲ್ಲೇ ಕಂಡೆ.

ಇನ್ನೊಂದು ಮಾತು. ಆಕೆಯ ಮುಂದೆ ಮುಂಬೈ ಸುದ್ದಿ ತೆಗೆಯಬೇಡಿರಿ. ಯಾಕೆ ಅಂತ ಕೇಳಬೇಡಿರಿ.

ದಾನವ್ವ


ಜೋಗೇಶ್ವರಿ
ಸೋಮವಾರ, ೪ ಆಗಸ್ಟ್ ೨೦೨೫

ದಾನವ್ವನವರಿಗೆ ಶರಣು.

ಉಪವಾಸದ ದಿನ ಸಿಟ್ಟು ಮಾಡಬಾರದು. ನಿಮ್ಮ ಕಾಗದ ಓದಿದ ಕೂಡಲೇ ಬರೆದದ್ದನ್ನು ಹರಿದು ಒಲೆಗೆ ಹಾಕಿದೆ. ಇದು ತಣ್ಣಗಾದ ಮೇಲೆ ಬರೆದದ್ದು.

ಲೋಕಲ್ ಟ್ರೇನಿನ ಮಾತು ಖರೆ. ಬೇಡ ಅಂದಿದ್ದೆ, ಕೇಳಲಿಲ್ಲ. ನೀವು ಹೆತ್ತ ಮಗಳು, ಯಾರ ಮಾತು ಕೇಳುತ್ತಾಳೆ ಎಂದು ನಿಮಗೇ ಗೊತ್ತು. ಆದರೆ ಹೆಸರಿನ ಆಸೆ ನನಗಿಲ್ಲ. ರೊಟ್ಟಿ ಮಾರುವವಳು ನಾನು, ಓಣಿಗೆ ಗೊತ್ತಿರುವ ಹೆಸರು ನನಗೆ ಸಾಕು.

ಯಾಕೆ ಬಿಡುತ್ತಿಲ್ಲ ಎಂದರೆ, ಸೋಮವಾರ ಸಂಜೆ ಬಳಗದ ಹೆಂಗಸರು ನಮ್ಮ ಮನೆಯಲ್ಲಿ ಸೇರಿದಾಗ ಸೌಮ್ಯಾ ತಲೆ ಮೇಲೆ ಸೆರಗು ಹೊತ್ತು ಚಹಾ ಕೊಡುತ್ತಿದ್ದಳು. ಭಜನೆ ಮುಗಿದ ಮೇಲೆ ಬಳಗದ ದೇವಕ್ಕನ ಪಕ್ಕ ಕುಳಿತು, ಆಕೆಯ ಫೋನಿಗೆ ಬಂದದ್ದನ್ನು ತೋರಿಸಿ, "ಇದನ್ನ ನಿಮಗ ಯಾರ ಕಳಿಸ್ಯಾರ್ರಿ? ನೋಡಿ ಏನ ಅನಸ್ತು?" ಎಂದು ಕೇಳುತ್ತಿದ್ದಳು. ತಪ್ಪು ಅನ್ನುತ್ತಿರಲಿಲ್ಲ, ನಗುತ್ತಿರಲಿಲ್ಲ. ನಮ್ಮ ಓಣಿಗೆ ಓಟು ಕೇಳಲು ಬರುತ್ತಾರೆ, ತಲೆ ಎಣಿಸಲು ಬರುತ್ತಾರೆ. ನಿಮಗೆ ಏನು ಅನಿಸಿತು ಎಂದು ಕೇಳಲು ಯಾರೂ ಬಂದಿರಲಿಲ್ಲ. ಆ ಅರ್ಜಿ ಬರೆಯುವಾಗ ಆಕೆಯ ಮುಖ ನಾನು ನೋಡಿದ್ದೇನೆ. ಸುದ್ದಿ ಕಚೇರಿಯಿಂದ ಬಂದಾಗ ಯಾವತ್ತೂ ಆ ಮುಖ ಇರುತ್ತಿರಲಿಲ್ಲ.

ಮಗ ಅಕ್ಷಯನಿಗೆ ಹೇಳಿದೆ. "ಅವ್ವಾ, ಆಕಿ ಬ್ಯಾಡ ಅಂದ್ರ ಬಿಡು" ಅಂದ. ಆದರೆ ಆಕೆ ಬೇಡ ಅಂದದ್ದನ್ನು ನಾನು ಇನ್ನೂ ಕೇಳಿಲ್ಲ. ಬೇಡ ಎನ್ನುತ್ತಿರುವವರು ನೀವು.

ಕೇಳಿರಿ. ಬಾಣಂತಿ ಓದಬಾರದು, ಬರೆಯಬಾರದು ಎಂದು ಹಿರಿಯರು ಹೇಳಿದ್ದಾರೆ, ಒಪ್ಪಿದೆ. ಮಾತಾಡಬಾರದು ಎಂದು ಯಾವ ಹಿರಿಯರೂ ಹೇಳಿಲ್ಲ. ಆಕೆ ಕತ್ತಲಲ್ಲಿ ಮಲಗಿಕೊಂಡೇ ಹೇಳಲಿ, ನೀವು ಬಾಗಿಲಲ್ಲಿ ಕುಳಿತು ಬರೆದುಕೊಳ್ಳಿರಿ. ನಿಮ್ಮ ಅಕ್ಷರ ನನ್ನದಕ್ಕಿಂತ ದುಂಡಗಿದೆ. ಕನ್ನಡದಲ್ಲೇ ಬರೆದು ಮರೆಪ್ಪನ ಕೈಗೆ ಕೊಡಿರಿ. ನಾನು ಶ್ರಾವ್ಯಾಳಿಗೆ ಓದಿ ಹೇಳಿದರೆ ಆಕೆ ಇಂಗ್ಲಿಷಿನಲ್ಲಿ ಮಾಡುತ್ತಾಳೆ. ಸೌಮ್ಯಾಳ ಕಣ್ಣಿಗೆ ನೋವಿಲ್ಲ, ನಿಮ್ಮ ಪಥ್ಯಕ್ಕೂ ಭಂಗವಿಲ್ಲ.

ಮೊದಲು ಆ ಕಾಗದವನ್ನು ಜಗಲಿಯಿಂದ ತೆಗೆದು ಆಕೆಗೆ ಓದಿ ಹೇಳಿರಿ. ದೇವರಿಗೆ ಇಂಗ್ಲಿಷ್ ಬಂದರೂ ಆತ ಸಂದರ್ಶನಕ್ಕೆ ಹೋಗುವುದಿಲ್ಲ.

ಮಹಾದೇವಿ


ಬೈಲಹೊಂಗಲ
ಶನಿವಾರ, ೯ ಆಗಸ್ಟ್ ೨೦೨೫

ಮಹಾದೇವಿಯವರಿಗೆ,

ಇದನ್ನು ಬರೆಯಲು ನನಗೆ ಮನಸ್ಸಿರಲಿಲ್ಲ. ನೀವು ಬಿಡುವವರಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಜಗಲಿಯ ಮೇಲಿನ ಆ ಇಂಗ್ಲಿಷ್ ಕಾಗದವನ್ನು ಮನೆಯವರಿಂದ ಓದಿಸಿ, ಕನ್ನಡದಲ್ಲಿ ತಿಳಿದುಕೊಂಡು, ಸೌಮ್ಯಾಳಿಗೆ ಹೇಳಿದೆ. ಆಕೆ ಗೋಡೆ ಕಡೆ ಹೊರಳಿದಳು. ಆ ದಿನ ಕೂಸಿಗೆ ಹಾಲು ಕುಡಿಸಿದಳು, ಅಷ್ಟೇ. ಮರುದಿನ ಎರೆಯುವಾಗ ಬಚ್ಚಲಲ್ಲಿ ಎಲ್ಲವನ್ನೂ ಹೇಳಿದಳು.

ಫೋನಿಗೆ ಕೀಲಿ ಹಾಕಿದ್ದು ನಾನು ಎಂದು ಬರೆದಿದ್ದೆ. ಹಾಕೆಂದು ಹೇಳಿದ್ದು ಆಕೆ. "ಅವ್ವಾ, ಇದನ್ನ ತಗೊಂಡ ಮುಚ್ಚಿಡು, ಕೇಳಿದರೂ ಕೊಡಬ್ಯಾಡ" ಅಂದಿದ್ದಳು. ನಾನು ಬಾಣಂತನದ ಹೆಸರು ಮುಂದೆ ಮಾಡಿದೆ.

ಏಪ್ರಿಲಿನಲ್ಲಿ, ಆಕೆ ಅರ್ಜಿ ಹಾಕಿದ ಮೇಲೆ, ಅಲ್ಲಿ ನಗರಪಾಲಿಕೆ ಚುನಾವಣೆಯ ಗಾಳಿ ಎದ್ದಿತ್ತಂತೆ. ಗುಡಿಯ ಗಂಟೆಯನ್ನು ಯಾರೋ ಕಿತ್ತು ಒಯ್ಯುತ್ತಿದ್ದಾರೆ ಎಂದು ಒಂದು ವಿಡಿಯೊ ನಿಮ್ಮ ಕಡೆ ಎಲ್ಲರ ಫೋನಿಗೆ ಬಂದಿತ್ತಂತೆ. ಅದು ಬೇರೆ ಯಾವುದೋ ಊರಿನದು, ಗುಡಿಯವರೇ ರಿಪೇರಿಗೆ ಇಳಿಸಿದ ಗಂಟೆ ಎಂದು ಸೌಮ್ಯಾ ತನ್ನ ಕಚೇರಿಯ ಕ್ಯಾಮೆರಾ ಮುಂದೆ ಹೇಳಿದಳು. ಆಮೇಲೆ ಯಾರೋ ಆಕೆಯ ಆ ಮಾತನ್ನು ಕತ್ತರಿಸಿ, ಆಕೆಯ ಮುಖದ ಮೇಲೆ ಬರೆಯಬಾರದ್ದನ್ನು ಬರೆದು ಹರಿಬಿಟ್ಟರು. ದೇವರಿಲ್ಲದ ಹೆಂಗಸು, ಇಂಥವಳ ಹೊಟ್ಟೆಯಲ್ಲಿ ಏನು ಹುಟ್ಟೀತು ಎಂದು. ಕೊರಳಲ್ಲಿ ಲಿಂಗ ಕಟ್ಟಿಕೊಂಡ ನನ್ನ ಮಗಳಿಗೆ, ಏಳು ತಿಂಗಳ ಬಸುರಿಗೆ.

ಊರ ಗಂಡಸರು ಕಳಿಸಿದ್ದನ್ನು ಆಕೆ ತಡೆದುಕೊಂಡಳು. ಆದರೆ ಅದು ನಿಮ್ಮ ಅಕ್ಕನ ಬಳಗದ ಗುಂಪಿನಲ್ಲೂ ಬಂತು. ಕಳಿಸಿದವಳು ದೇವಕ್ಕ. ಕೆಳಗೆ ಒಬ್ಬೊಬ್ಬರೂ ಕೈಮುಗಿದ ಚಿತ್ರ ಹಾಕಿದರು. ಆ ವಾರದ ಕೊನೆಗೆ ಕುಬುಸದ ದಿನ ಅದೇ ದೇವಕ್ಕ ಹಾಡು ಹೇಳಿ ಆಕೆಯ ಉಡಿ ತುಂಬಿದಳು. ನೀವು ಆ ಬಳಗದ ಹಿರಿಯರು. ವಿಡಿಯೊ ಬಂದ ಮರುದಿನ ಬೆಳಿಗ್ಗೆಯಿಂದ ಐದು ದಿನ ನೀವು ಆಕೆಯ ಜೊತೆ ಒಂದು ಮಾತೂ ಆಡಲಿಲ್ಲ, ಒಲೆಯ ಮುಂದೆ ಮುಖ ತಿರುಗಿಸಿ ರೊಟ್ಟಿ ಬಡಿದಿರಿ ಎಂದಳು. "ಅತ್ತಿನೂ ನೋಡ್ಯಾರ ಅವ್ವಾ. ಅವರಿಗೂ ನಾ ಹಂಗಽ ಕಂಡೇನಿ" ಅಂದಳು.

ಈಗ ನೀವು ಆಕೆಯ ಅರ್ಜಿಗೆ ಯಾಕೆ ಇಷ್ಟು ಅವಸರ ಮಾಡುತ್ತಿದ್ದೀರಿ ಎಂದು ನನಗೆ ತಿಳಿಯುತ್ತಿಲ್ಲ. ನಿಮಗೆ ಗೊತ್ತಿತ್ತೋ ಇಲ್ಲವೋ, ಅದೊಂದನ್ನು ಬರೆಯಿರಿ. ಬೇರೆ ಏನೂ ಬೇಡ.

ದಾನವ್ವ


ಜೋಗೇಶ್ವರಿ
ಮಂಗಳವಾರ, ೧೨ ಆಗಸ್ಟ್ ೨೦೨೫

ದಾನವ್ವನವರೇ, ಇದನ್ನು ಸೌಮ್ಯಾಳ ಹಾಸಿಗೆಯ ಪಕ್ಕ ಕುಳಿತು ಗಟ್ಟಿಯಾಗಿ ಓದಿರಿ.

ಸೌಮ್ಯಾ, ನನಗೆ ಗೊತ್ತಿರಲಿಲ್ಲ. ನನ್ನದು ಗುಂಡಿ ಒತ್ತುವ ಫೋನು, ಅದರಲ್ಲಿ ವಿಡಿಯೊ ಬರುವುದಿಲ್ಲ, ನಾನು ಆ ಗುಂಪಿನಲ್ಲಿ ಇಲ್ಲ. ಆ ಐದು ದಿನ ಮಾತಾಡದಿದ್ದದ್ದು ಹೆರಿಗೆ ಸುಸೂತ್ರ ಆಗಲಿ ಎಂದು ಹೊತ್ತ ಮೌನದ ಹರಕೆ. ಪೂಜೆಯಿಂದ ಮಧ್ಯಾಹ್ನದ ತನಕ ಯಾರ ಜೊತೆಯೂ ಮಾತಿಲ್ಲ. ಹರಕೆಯನ್ನು ಯಾರಿಗಾಗಿ ಹೊತ್ತೆವೋ ಅವರಿಗೆ ಹೇಳಬಾರದು, ಅದಕ್ಕೆ ಹೇಳಲಿಲ್ಲ. ಮಧ್ಯಾಹ್ನ ನಾನು ಬಾಯಿ ತೆರೆಯುವ ಹೊತ್ತಿಗೆ ನೀನು ಕಚೇರಿಯಲ್ಲಿ ಇರುತ್ತಿದ್ದೆ. ರಾತ್ರಿ ಬಂದವಳೇ ತಲೆ ನೋವು ಅಂತ ಮಲಗುತ್ತಿದ್ದೆ. ಬಸುರಿಯ ದಣಿವು ಅಂದುಕೊಂಡು ನಾನು ಎಬ್ಬಿಸಲಿಲ್ಲ.

ಕಾಗದ ಬಂದ ದಿನವೇ ದೇವಕ್ಕನ ಮನೆಗೆ ಹೋದೆ. ಕೂಡಿಸಿದಳು, ಚಹಾ ಇಟ್ಟಳು, ನಾನು ಮುಟ್ಟಲಿಲ್ಲ. ಫೋನು ತೆಗೆಸಿ ಏಪ್ರಿಲಿನ ತನಕ ಹುಡುಕಿಸಿದೆ. ವಿಡಿಯೊ ಸಿಕ್ಕಿತು. ನೋಡಿದೆ. ನಿನ್ನನ್ನು ಆ ವೇಷದಲ್ಲಿ ನಾನು ಅದೇ ಮೊದಲು ಕಂಡದ್ದು. ಕೋಟು, ಚಷ್ಮಾ, ಬಿಟ್ಟ ಕೂದಲು, ಪಟಪಟ ಹಿಂದಿ. ಹೆಸರು ನಿನ್ನ ಅಪ್ಪನ ಮನೆತನದ್ದು. ನೀನು ಓಣಿ ದಾಟುವ ತನಕ ತಲೆಯ ಮೇಲೆ ಓಢಣಿ ಹೊದ್ದು ಹೋಗುತ್ತಿದ್ದೆಯಲ್ಲ. ಆದರೂ ದನಿ ಬಂದ ಕೂಡಲೇ ನನಗೆ ಗುರುತು ಸಿಕ್ಕಿತು.

"ಈಕಿ ಯಾರ ಗೊತ್ತೇನ ದೇವಕ್ಕಾ?" ಎಂದು ಕೇಳಿದೆ.

"ಯಾರೋ ಟೀವಿಯಾಕಿ. ಗಂಟಿ ಸುಳ್ಳ ಅಂದಾಕಿ."

"ನನ್ನ ಸೊಸಿ."

ದೇವಕ್ಕ ನಕ್ಕಳು, ನಾನು ಚೇಷ್ಟೆ ಮಾಡುತ್ತೇನೆ ಎಂದುಕೊಂಡು. "ನಿನ್ನ ಸೊಸಿ ಕೈಯಾಗ ಚಾ ಕುಡದೇನಿ, ಆಕಿ ಉಡಿ ತುಂಬೇನಿ. ನನಗ ಗೊತ್ತಿಲ್ಲೇನ ಆಕಿ ಮುಖ?" ಅಂದಳು. ಇನ್ನೊಮ್ಮೆ ಹಾಕಿ ನೋಡಿದಳು. ಮತ್ತೊಮ್ಮೆ ಹಾಕಿದಳು. ಆಮೇಲೆ ಫೋನನ್ನು ನೆಲದ ಮೇಲೆ ಬೋರಲು ಇಟ್ಟು ತಲೆ ತಗ್ಗಿಸಿದಳು. ನಾನು ಸಮಾಧಾನ ಹೇಳಲಿಲ್ಲ, ಎದ್ದು ಬಂದೆ.

ನಿನ್ನೆಯ ಸೋಮವಾರ ಭಜನೆ ಹಾಡಲಿಲ್ಲ. ಎಲ್ಲರ ಮುಂದೆ ವಿಷಯ ಇಟ್ಟೆ. ಕೆಲವರು ಅತ್ತರು. ಒಬ್ಬಳು, ಗೊತ್ತಿದ್ದರೆ ಕಳಿಸುತ್ತಿರಲಿಲ್ಲ ಅಂದಳು. ಹಾಗಾದರೆ ಗೊತ್ತಿಲ್ಲದ ಹೆಂಗಸಿಗೆ ಅನ್ನಬಹುದೇನು ಎಂದು ನಾನು ಕೇಳಿದೆ.

ಅವರ ಪರವಾಗಿ ನಾನು ಕ್ಷಮೆ ಕೇಳುವುದಿಲ್ಲ, ಅದು ಅವರ ಕೆಲಸ. ನನ್ನ ಕೆಲಸ ಇದು: ಅರ್ಜಿ ಬೇಡವೆಂದು ನಿನಗೆ ನಿಜವಾಗಿ ಅನಿಸಿದರೆ ಬೇಡ ಎಂದು ಬರೆಸು, ಆಮೇಲೆ ಈ ವಿಷಯ ಎತ್ತುವುದಿಲ್ಲ. ಆದರೆ ಅವರಿಗೆ ಅಂಜಿ ಬೇಡ ಅನ್ನುತ್ತಿದ್ದರೆ ನಾನು ಒಪ್ಪುವವಳಲ್ಲ. ಇಪ್ಪತ್ತಕ್ಕೆ ಇನ್ನೂ ಹೊತ್ತಿದೆ.

ನಿನ್ನ ಅತ್ತೆ


ಬೈಲಹೊಂಗಲ
ಶನಿವಾರ, ೧೬ ಆಗಸ್ಟ್ ೨೦೨೫

ಅತ್ತೆಯವರಿಗೆ ಸೌಮ್ಯಾ ಮಾಡುವ ಶರಣು.

ನಾನು ಹೇಳುತ್ತಿದ್ದೇನೆ, ಅವ್ವ ಬರೆಯುತ್ತಿದ್ದಾಳೆ. ನಾನು ಹೇಳಿದಷ್ಟೇ ಬರೆಯಬೇಕು ಎಂದು ಆಣೆ ಹಾಕಿಸಿದ್ದೇನೆ. (ಆಣೆ ಹಾಕಿಲ್ಲ, ಹೂಂ ಅಂದಿದ್ದೇನೆ. ದಾನವ್ವ.)

ನಿಮ್ಮ ಕಾಗದವನ್ನು ಅವ್ವನಿಂದ ಎರಡು ಸಲ ಓದಿಸಿದೆ. ಅತ್ತೆ, ನಾನು ಆವತ್ತೇ ನಿಮ್ಮ ಮುಂದೆ ಫೋನು ಹಿಡಿದು ಕೇಳಬೇಕಿತ್ತು. ಕೇಳಿದರೆ ನೀವು ಹೌದು ಅಂದುಬಿಟ್ಟೀರಿ ಎಂದು ಅಂಜಿದೆ. ಬೇರೆಯವರಿಗೆಲ್ಲ "ನಿಮಗೆ ಯಾರು ಕಳಿಸಿದರು" ಎಂದು ಕೇಳುತ್ತಾ ತಿರುಗಿದವಳಿಗೆ ಮನೆಯ ಒಲೆಯ ಮುಂದೆ ಒಂದು ಪ್ರಶ್ನೆ ಕೇಳಲು ಬಾಯಿ ಬರಲಿಲ್ಲ.

ಅರ್ಜಿ ಬಿಡುವುದಿಲ್ಲ. ಹೇಳಿ ಬರೆಸಿದ್ದೆಲ್ಲ ಇದರ ಜೊತೆಗಿದೆ. ಅವ್ವ ಮೂರು ದಿನ ಬಾಗಿಲಲ್ಲಿ ಕುಳಿತು ಬರೆದಳು. ನಡುನಡುವೆ "ಇದು ನನಗ ತಿಳೀಲಿಲ್ಲ, ತಿಳಿಯೂ ಹಂಗ ಹೇಳು" ಎಂದು ನಿಲ್ಲಿಸಿದಳು. ಹೀಗೆ ನಿಲ್ಲಿಸಿದಲ್ಲೆಲ್ಲ ಬರಹ ನೆಟ್ಟಗಾಯಿತು. ಶ್ರಾವ್ಯಾ ಇಂಗ್ಲಿಷ್ ಮಾಡುವಾಗ ಅಲಂಕಾರ ಸೇರಿಸದಿರಲಿ. (ಕೂಸು ಎದ್ದಿತು, ಉಳಿದದ್ದು ಮಧ್ಯಾಹ್ನ ಬರೆದದ್ದು.)

ಒಂದು ಸಂಗತಿ ನಿಮಗೆ ಮೊದಲೇ ತಿಳಿದಿರಲಿ. ಈ ಬರಹದಲ್ಲಿ ಗಂಟೆಯ ವಿಡಿಯೊ ಇದೆ, ನನ್ನ ವಿಡಿಯೊ ಇದೆ, ಅದು ಬಳಗದ ಗುಂಪಿಗೆ ಬಂದದ್ದೂ ಇದೆ. ಅದನ್ನು ಬಿಟ್ಟು ಈ ವಿಷಯ ಅಭ್ಯಾಸ ಮಾಡುತ್ತೇನೆಂದರೆ ನಾನೂ ಕತ್ತರಿಸಿ ತೋರಿಸಿದಂತೆ. ಯಾರ ಹೆಸರನ್ನೂ ಬರೆಯುವುದಿಲ್ಲ, ಗುರುತು ಸಿಗದಂತೆ ಬರೆಯುವುದು ನಮ್ಮ ಪದ್ಧತಿ. ಸಂದರ್ಶನಕ್ಕೆ ಹೋಗುವಾಗ ಬಳಗದವರು ಒಪ್ಪಿ ಕೊಟ್ಟ ಪತ್ರ ತೋರಿಸಬೇಕು. ಅದಿಲ್ಲದೆ ಒಳಗೆ ಹೋಗಿ ಉಪಯೋಗವಿಲ್ಲ.

ಆದ್ದರಿಂದ ನನ್ನ ಅತ್ತೆಯನ್ನಲ್ಲ, ಅಕ್ಕನ ಬಳಗದ ಹಿರಿಯರನ್ನು ಕೇಳುತ್ತಿದ್ದೇನೆ: ನಿಮ್ಮ ನಡುವೆ ಕುಳಿತು, ನಡೆದದ್ದನ್ನು ಬರೆಯಲು ನನಗೆ ಒಪ್ಪಿಗೆ ಕೊಡುತ್ತೀರಾ? ಇಲ್ಲ ಎಂದರೆ ಇಲ್ಲ ಎಂದೇ ಬರೆಯಿರಿ. ಸೊಸೆಗಾಗಿ ಅವರ ಮೇಲೆ ಒತ್ತಾಯ ಹಾಕಬೇಡಿರಿ. ಹೆದರಿ ಕೊಟ್ಟ ಒಪ್ಪಿಗೆಯನ್ನು ನಾನು ಮುಟ್ಟುವುದಿಲ್ಲ.

ಸೌಮ್ಯಾ

(ಬೀಗತಿಯವರೇ, ನನ್ನ ಮಗಳು ಏನು ಕೆಲಸ ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ ಟೀವಿ ಅನ್ನುತ್ತಿದ್ದೆ. ಇನ್ನು ಮುಂದೆ ಕೇಳಿದವರು ಉತ್ತರ ಪೂರ್ತಿ ಕೇಳಲು ಕುಳಿತುಕೊಳ್ಳಬೇಕಾಗುತ್ತದೆ. ದಾನವ್ವ.)


ಬೈಲಹೊಂಗಲ
ಸೋಮವಾರ, ೮ ಸೆಪ್ಟೆಂಬರ್ ೨೦೨೫

ಮಹಾದೇವಿಯವರಿಗೆ ಶರಣು.

ಅರ್ಜಿ ಹತ್ತೊಂಬತ್ತಕ್ಕೇ ಹೋಯಿತು ಎಂದು ಶ್ರಾವ್ಯಾ ತಿಳಿಸಿದಳು. ಸಂದರ್ಶನ ಅಕ್ಟೋಬರ್ ಹತ್ತಕ್ಕೆ, ಫೋರ್ಟಿನ ಯುನಿವರ್ಸಿಟಿ ಕಚೇರಿಯಲ್ಲಿ ಅಂತೆ. ಫೋನು ಟ್ರಂಕಿನಿಂದ ಹೊರಗೆ ಬಂದಿದೆ, ಆದರೆ ಆಕೆ ಅದನ್ನು ನೋಡುವುದು ಕಡಿಮೆ. ನೋಡುವುದು ಮರೆಪ್ಪನ ದಾರಿಯನ್ನು. ಆತ ಎರಡು ಸಲ ಬಂದ. ನಿಮ್ಮ ಶೇಂಗಾ ಚಟ್ನಿ ತಂದ, ಕೂಸಿನ ಕುಲಾವಿ ತಂದ, ಉತ್ತರ ತರಲಿಲ್ಲ.

ಬಳಗದವರು ಇಲ್ಲ ಅಂದರೋ, ನೀವು ಹೇಳಲಾರದೆ ಕುಳಿತಿದ್ದೀರೋ? ನೀವು ಸುಮ್ಮನಿದ್ದರೆ ಈ ಹುಡುಗಿ ಏನೇನೋ ತಿಳಿದುಕೊಳ್ಳುತ್ತಾಳೆ, ಒಮ್ಮೆ ಆಗಿದೆ. ಯಾವುದಾದರೂ ಒಂದು ಬರೆಯಿರಿ.

ದಾನವ್ವ


ಜೋಗೇಶ್ವರಿ
ಸೋಮವಾರ, ೨೨ ಸೆಪ್ಟೆಂಬರ್ ೨೦೨೫

ದಾನವ್ವನವರಿಗೂ ಸೌಮ್ಯಾಳಿಗೂ ಶರಣು.

ಇವತ್ತು ನವರಾತ್ರಿಯ ಘಟ್ಟ ಹಾಕಿ ದೀಪ ಹಚ್ಚಿದೆ. ಈ ಸಲದ ಮೌನ ಹರಕೆಯದಲ್ಲ, ಹೇಳಲು ಏನೂ ಇರಲಿಲ್ಲ. ಸೌಮ್ಯಾ, ಒತ್ತಾಯ ಹಾಕಬೇಡಿರಿ ಎಂದು ನೀನು ಬರೆಸಿದ್ದೆ. ನಾನು ಹಿರಿಯಳೆಂದು ಒಂದು ಮಾತು ಅಂದಿದ್ದರೆ ಮೊದಲ ಸೋಮವಾರವೇ ಎಲ್ಲರೂ ಹೂಂ ಅನ್ನುತ್ತಿದ್ದರು. ನಿನ್ನ ಕಾಗದ ಓದಿ ಹೇಳಿ ಬಾಯಿ ಮುಚ್ಚಿಕೊಂಡು ಕುಳಿತೆ. ನನಗೆ ಅದು ಎಷ್ಟು ಕಷ್ಟ ಎಂದು ನಿನಗೆ ಗೊತ್ತು.

ಮೊದಲ ವಾರ ಜಗಳವೇ ಆಯಿತು. ನಮ್ಮ ಮನೆಯ ಮಾತು ಯುನಿವರ್ಸಿಟಿಗೆ ಯಾಕೆ ಹೋಗಬೇಕು ಎಂದು ಕೆಲವರು ಎದ್ದು ಹೋದರು, ತಾಳವನ್ನೂ ಒಯ್ದರು. ಎರಡು ವಾರ ಚಪ್ಪಾಳೆ ತಟ್ಟಿ ಹಾಡಿದೆವು. ದೇವಕ್ಕ ಬರಲೇ ಇಲ್ಲ. ನಾನು ಕರೆಯಲೂ ಇಲ್ಲ.

ಹೋದ ಸೋಮವಾರ ಬಂದಳು. ಬಾಗಿಲ ಹತ್ತಿರವೇ ಕುಳಿತಳು. ಹಾಡು ಮುಗಿದ ಮೇಲೆ, "ಹೆಸರು ಬರೆಯೂದಿಲ್ಲ ಅಂದಾಳಲ್ಲ ನಿನ್ನ ಸೊಸಿ, ಹಂಗಾದ್ರ ನಾ ಒಪ್ಪೂದಿಲ್ಲ" ಅಂದಳು.

ನನಗೆ ತಿಳಿಯಲಿಲ್ಲ. ಹೆಸರು ಬರೆದರೆ ಒಪ್ಪುವುದಿಲ್ಲ ಅನ್ನುತ್ತಿದ್ದೀಯೇನು ಎಂದು ಕೇಳಿದೆ.

"ಅಲ್ಲವ್ವಾ. ಯಾರೋ ಒಬ್ಬ ಹೆಂಗಸು ಕಳಿಸಿದ್ಲು ಅಂತ ಬರದ್ರ ನಾ ಸಹಿ ಮಾಡಂಗಿಲ್ಲ. ಆಕಿನ್ನ ನಾ ಯಾರೋ ಒಬ್ಬಾಕಿ ಅಂದಿದ್ದಕ್ಕಽ ಇಷ್ಟೆಲ್ಲಾ ಆಗಿದ್ದು. ಕಳಿಸಿದಾಕಿ ನಾನು, ಜೋಗೇಶ್ವರಿ ದೇವಕ್ಕ. ಯಾಕ ಕಳಿಸಿದೆ ಅಂತ ಆಕಿ ನನ್ನ ಮುಂದ ಕುಂತು ಕೇಳಲಿ, ನಾ ಹೇಳ್ತೇನಿ. ಬರಕೊಳ್ಳಲಿ."

ಆಮೇಲೆ ಉಳಿದವರೂ ಮಾತಾಡಿದರು. ಹೆಸರು ಬೇಡ ಎಂದವರಿಗೆ ಬೇಡ. ಎದ್ದು ಹೋದವರಲ್ಲಿ ಇಬ್ಬರು ತಾಳದ ಸಮೇತ ಮರಳಿ ಬಂದಿದ್ದಾರೆ, ಉಳಿದವರು ಬಂದಿಲ್ಲ. ಅವರ ಮಾತನ್ನು ನೀನು ಬರೆಯುವ ಹಾಗಿಲ್ಲ, ಅದನ್ನು ಪತ್ರದಲ್ಲಿ ಸ್ಪಷ್ಟವಾಗಿ ಹಾಕಿದ್ದೇವೆ. ಹೆಸರು ಬರೆಯಬಾರದು ಎನ್ನುವ ನಿಮ್ಮ ಯುನಿವರ್ಸಿಟಿಯ ಪದ್ಧತಿ ಅಡ್ಡ ಬಂದರೆ ಆ ದೊಡ್ಡವರ ಮುಂದೆ ನೀನು ಜಗಳ ಮಾಡಬೇಕು. ಜಗಳ ಮಾಡುತ್ತೀ ಎಂದು ದೇವಕ್ಕನಿಗೆ ನಾನು ಮಾತು ಕೊಟ್ಟಿದ್ದೇನೆ.

ದಾನವ್ವನವರೇ, ಮೂರು ತಿಂಗಳು ತುಂಬುತ್ತಿದೆ. ಐದನೆಯ ತಿಂಗಳಲ್ಲಿ ಕಳಿಸುವುದು ನಿಮ್ಮ ಪದ್ಧತಿ, ಗೊತ್ತು. ಬಾಣಂತನ ಅರ್ಧಕ್ಕೆ ನಿಲ್ಲಿಸಿರಿ ಅನ್ನುವುದಿಲ್ಲ. ನೀವೂ ಜೊತೆಗೆ ಬಂದು ಉಳಿದದ್ದನ್ನು ನಮ್ಮ ಮನೆಯಲ್ಲೇ ಮಾಡಿರಿ. ಕೋಣೆಗೆ ಪರದೆ ಕಟ್ಟಿಸಿದ್ದೇನೆ. ಎರೆಯುವ ನೀರು ನಾನು ಕಾಯಿಸುತ್ತೇನೆ, ಎಣ್ಣೆ ನೀವು ಹಚ್ಚಿರಿ. ಸಂದರ್ಶನದ ದಿನ ಕೂಸನ್ನು ನಾವಿಬ್ಬರು ನೋಡಿಕೊಳ್ಳೋಣ, ಅಕ್ಷಯ ಫೋರ್ಟಿಗೆ ಕರೆದುಕೊಂಡು ಹೋಗುತ್ತಾನೆ.

ಸೌಮ್ಯಾ, ನೀನು ಕೇಳಿದ್ದಕ್ಕೆ ಬಳಗದ ಉತ್ತರ ಬರೆದು ಆಗಿದೆ. ಅದನ್ನು ಮರೆಪ್ಪನ ಕೈಯಲ್ಲಿ ಕಳಿಸುವುದಿಲ್ಲ. ಬರುವ ಸೋಮವಾರ, ಭಜನೆಯ ಹೊತ್ತಿಗೆ, ಆ ಕೋಟು ಹಾಕಿಕೊಂಡು, ಚಷ್ಮಾ ಇಟ್ಟುಕೊಂಡು, ತಲೆ ಮೇಲೆ ಸೆರಗಿಲ್ಲದೆ ಓಣಿಯಲ್ಲಿ ನಡೆದುಕೊಂಡು ಬಾ. ಎಲ್ಲರೂ ಒಮ್ಮೆ ಕಣ್ಣು ತುಂಬ ನೋಡಲಿ. ಬಂದು ದೇವಕ್ಕನ ಕೈಯಿಂದ ನಮ್ಮ ಉತ್ತರವನ್ನು ನೀನೇ ತೆಗೆದುಕೊಂಡು ಹೋಗು.